ಮೂಗಿಗೆ ಬಡಿಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ನೆಲಮಾಳಿಗೆಯಲ್ಲಿ ಸಾಲಾಗಿ ಮಲಗಿರುವ ಓಕ್ ಪೀಪಾಯಿಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೊಂದರಲ್ಲೂ 225 ಲೀಟರ್ ಕೆಂಪು ವೈನ್. ಹುದುಗಿನ ಗದ್ದಲ ಮುಗಿದು ತಿಂಗಳುಗಳಾಗಿವೆ, ಸಕ್ಕರೆ ಬಹುತೇಕ ಮುಗಿದಿದೆ. ಒಂದು ದಿನ ಬಿರಡೆ ತೆಗೆದು ಮೂಸಿದರೆ, ಹಣ್ಣಿನ ಪರಿಮಳ ಇರಬೇಕಾದ ಕಡೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರಿನ ವಾಸನೆ. ಅದರ ಬೆನ್ನಿಗೇ ಕುದುರೆ ಲಾಯದ ವಾಸನೆ.

ಇದು ಬ್ರೆಟ್ಟನೋಮೈಸಿಸ್ ಎಂಬ ಯೀಸ್ಟಿನ ಕೆಲಸ. ವೈನ್ ಮಾಡುವವರ ಬಾಯಲ್ಲಿ ಚಿಕ್ಕದಾಗಿ ‘ಬ್ರೆಟ್’. ಈ ಹೆಸರಿಟ್ಟವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಕ್ಲಾಸೆನ್, 1904ರಲ್ಲಿ. ‘ಬ್ರಿಟಿಷ್ ಶಿಲೀಂಧ್ರ’ ಎಂದು ಅದರ ಅರ್ಥ. ಇಂಗ್ಲಿಷ್ ಬಿಯರಿಗೆ ಅದರದೇ ಆದ ರುಚಿ ಕೊಡುತ್ತಿದ್ದುದು ಇದೇ ಯೀಸ್ಟ್ ಎಂದು ಅವರು ತೋರಿಸಿಕೊಟ್ಟರು. ಅಲ್ಲಿ ಬೇಕಾದದ್ದು, ವೈನಿನಲ್ಲಿ ಬೇಡವಾದದ್ದು.

ದ್ರಾಕ್ಷಿಯಿಂದ ವೈನಿಗೆ ಕೂಮಾರಿಕ್ ಆಮ್ಲ ಸಹಜವಾಗಿಯೇ ಬಂದಿರುತ್ತದೆ. ಅದಕ್ಕೆ ವಾಸನೆ ಇಲ್ಲ. ಬ್ರೆಟ್ ತನ್ನ ಕಿಣ್ವಗಳಿಂದ ಅದನ್ನು ಎರಡು ಹೆಜ್ಜೆಯಲ್ಲಿ ಆ ಕೆಟ್ಟ ವಾಸನೆಯ 4-ಈಥೈಲ್‌ಫೀನಾಲ್ ಆಗಿ ಬದಲಿಸುತ್ತದೆ. ಲೀಟರಿಗೆ 400ರಿಂದ 600 ಮೈಕ್ರೋಗ್ರಾಂ ಆಗುವಷ್ಟರಲ್ಲಿ ಮೂಗಿಗೆ ಗೊತ್ತಾಗುತ್ತದೆ. ಇಡೀ ಪೀಪಾಯಿಯನ್ನು ಕೆಡಿಸಲು ಒಂದು ಗ್ರಾಮಿನ ಹತ್ತನೇ ಒಂದು ಪಾಲು ಸಾಕು! ಆಮೇಲೆ ಸೋಸಿ ಯೀಸ್ಟನ್ನು ತೆಗೆಯಬಹುದು, ವಾಸನೆ ಮಾತ್ರ ವೈನಿನಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಮೂಗನ್ನು ನೆಚ್ಚಿಕೊಂಡು ಕೂತರೆ ತಡವಾಗುತ್ತದೆ.

ಹಾಗಾದರೆ ಮೊದಲೇ ಹಿಡಿಯುವುದು ಹೇಗೆ? ಹಳೆಯ ದಾರಿ ತಟ್ಟೆಯಲ್ಲಿ ಬೆಳೆಸಿ ನೋಡುವುದು. ವೈನಿನ ಹನಿಯನ್ನು ಪೋಷಕ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಹರಡುತ್ತಾರೆ. ಅಗರ್‌ಗೆ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ವೈನನ್ನು ಹುದುಗಿಸುವ ಮಾಮೂಲಿ ಯೀಸ್ಟ್ ಅದರಲ್ಲಿ ತಲೆ ಎತ್ತುವುದಿಲ್ಲ, ಬ್ರೆಟ್ ಎತ್ತುತ್ತದೆ. ಆದರೆ ನಿಧಾನ. ಸೂಜಿಮೊನೆಯಂಥ ಚುಕ್ಕೆಗಳು ಕಾಣಲು ಒಂದು ವಾರ, ಕೆಲವೊಮ್ಮೆ ಹತ್ತು ದಿನ ದಾಟುತ್ತದೆ. ಅಗರ್‌ನಲ್ಲಿ ಕೂಮಾರಿಕ್ ಆಮ್ಲವನ್ನೂ ಸೇರಿಸಿದ್ದರೆ, ಮುಚ್ಚಳ ಸರಿಸಿದ ಕ್ಷಣವೇ ಅದೇ ಪ್ಲಾಸ್ಟರಿನ ವಾಸನೆ ಗುಟ್ಟು ಬಿಟ್ಟುಕೊಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೆಲವು ಕೋಶಗಳ ಒಂದು ತುದಿ ಕಮಾನಿನಂತೆ ಚೂಪಾಗಿರುತ್ತದೆ. ಆಕಾರವೊಂದನ್ನೇ ನಂಬಿ ತೀರ್ಪು ಕೊಡಬಾರದು.

ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಬ್ರೆಟ್‌ನ ಡಿಎನ್‌ಎ ಹುಡುಕಿಕೊಡುತ್ತದೆ. ತೊಡಕೆಂದರೆ ಸತ್ತ ಕೋಶದ ಡಿಎನ್‌ಎಯನ್ನೂ ಅದು ಎಣಿಸಿಬಿಡಬಹುದು.

ಇನ್ನೂ ದೊಡ್ಡ ಮೋಸ ಇರುವುದು ‘ಏನೂ ಇಲ್ಲ’ ಎಂದು ಬರುವ ಫಲಿತಾಂಶದಲ್ಲಿ. ವೈನ್ ಕೆಡದಿರಲೆಂದು ಸಲ್ಫರ್ ಡೈಆಕ್ಸೈಡ್ ಹಾಕಿದಾಗ ಬ್ರೆಟ್ ಕೋಶಗಳೆಲ್ಲ ಸಾಯಬೇಕೆಂದಿಲ್ಲ. ಕೆಲವು ಮಂಪರಿಗೆ ಜಾರಿ, ತಟ್ಟೆಯ ಮೇಲೆ ಬೆಳೆಯುವುದನ್ನೇ ನಿಲ್ಲಿಸುತ್ತವೆ. ತಟ್ಟೆ ಖಾಲಿ, ನಮಗೆ ನೆಮ್ಮದಿ. ಸಲ್ಫರ್ ಪ್ರಮಾಣ ಇಳಿದ ಮೇಲೆ ಅವು ಮತ್ತೆ ಎಚ್ಚರಗೊಳ್ಳಬಹುದು. ಪಿಎಚ್ ಎಂದರೆ ಹುಳಿಯ ಅಳತೆ, ಹುಳಿ ಕಡಿಮೆಯಾದಷ್ಟೂ ಅಂಕಿ ಏರುತ್ತದೆ. ವೈನಿನ ಪಿಎಚ್ 3.5 ಇದ್ದಾಗ ಮುಕ್ತ, ಅಂದರೆ ವೈನಿನ ಬೇರೆ ಅಂಶಗಳಿಗೆ ಅಂಟಿಕೊಳ್ಳದೆ ಉಳಿದ, ಸಲ್ಫರ್ ಡೈಆಕ್ಸೈಡಿನಲ್ಲಿ ಶೇ. 2ರಷ್ಟು ಮಾತ್ರ ಯೀಸ್ಟನ್ನು ಕೊಲ್ಲುವ ರೂಪದಲ್ಲಿರುತ್ತದೆ. 3.8ಕ್ಕೆ ಏರಿದರೆ ಅದೂ ಶೇ. 1ಕ್ಕೆ ಇಳಿಯುತ್ತದೆ. ಹಾಕಿದ್ದು ಅಷ್ಟೇ, ಕೆಲಸ ಅರ್ಧ. ಪಿಎಚ್ ನೋಡದೆ ಸಲ್ಫರ್ ಲೆಕ್ಕ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ಸಲ್ಫರ್ ಹಾಕಿದ ವಾರದಲ್ಲೇ ಮಾಡಿದ ಪರೀಕ್ಷೆಯನ್ನು ಕೊನೆಯ ಮಾತೆಂದು ಒಪ್ಪಬೇಡಿ. ಕೆಲವು ವಾರ ಬಿಟ್ಟು ಅದೇ ಪೀಪಾಯಿಯಿಂದ ಮತ್ತೊಮ್ಮೆ ಮಾದರಿ ತೆಗೆಯಿರಿ, ತಟ್ಟೆಯ ಜೊತೆಗೆ 4-ಈಥೈಲ್‌ಫೀನಾಲ್ ಅಳತೆಯನ್ನೂ ಮಾಡಿಸಿ. ಅಂಕಿ ಮೆಲ್ಲಗೆ ಏರುತ್ತಿದ್ದರೆ ತಟ್ಟೆ ಖಾಲಿಯಿದ್ದರೂ ಒಳಗೆ ಜೀವ ಇದೆ ಎಂದೇ ತಿಳಿಯಿರಿ.

ಮಾದರಿ ಎಲ್ಲಿಂದ ತೆಗೆಯುತ್ತೀರಿ ಎಂಬುದೂ ಮುಖ್ಯ. ಅಲುಗಾಡದ ವೈನಿನಲ್ಲಿ ಕೋಶಗಳು ತಳಕ್ಕೆ ಇಳಿಯುತ್ತವೆ, ಮೇಲಿನ ತಿಳಿ ಮಾತ್ರ ತೆಗೆದರೆ ಕೈಗೆ ಸಿಗುವುದಿಲ್ಲ. ಗಾಜಿನ ಕೊಳವೆಯನ್ನು ತಳದ ಹತ್ತಿರದವರೆಗೆ ಇಳಿಸಿ. ಸಂಶಯವಿಲ್ಲದ ಪೀಪಾಯಿಗಳಿಂದ ಶುರುಮಾಡಿ, ಸಂಶಯದ್ದನ್ನು ಕೊನೆಗಿಟ್ಟುಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೊಳವೆಯನ್ನು ಶೇ. 70ರ ಆಲ್ಕೋಹಾಲಿನಿಂದ ಒಳಗೂ ಹೊರಗೂ ತೊಳೆಯಿರಿ. ಇಲ್ಲವಾದರೆ ಬ್ರೆಟ್ ಹುಡುಕಲು ಹೋದ ಆ ಕೊಳವೆಯೇ ಅದನ್ನು ಮುಂದಿನ ಪೀಪಾಯಿಗೆ ಹೊತ್ತೊಯ್ಯುತ್ತದೆ.

ನಮಸ್ಕಾರ.