ಹೊರಗೆ ನಿಂತ ಸಕ್ಕರೆ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ನನ್ನ ಹತ್ತು ನಿಮಿಷ ನುಂಗಿದ್ದಾರೆ. ಇರಲಿ, ಚೆನ್ನಾಗಿಯೇ ಮಾತಾಡಿದರು. ನೀವೆಲ್ಲ ಕೋಶಗಳನ್ನು ಫ್ರೀಜ್ ಮಾಡಿ ಕೈ ಸುಟ್ಟುಕೊಂಡವರೇ, ಹಾಗಾಗಿ ಪೀಠಿಕೆ ಬೇಡ. ಫ್ರೀಜ್ ಮಾಡುವಾಗ ಕೋಶಗಳನ್ನು ಹೊರಗಿನಿಂದಲೇ ಕಾಯುವ ಸಕ್ಕರೆ ಸರಪಳಿಗಳ ಬಗ್ಗೆ ನನ್ನ ಮಾತು. ಲಿಕ್ವಿಡ್ ನೈಟ್ರೋಜನ್‌ನಲ್ಲಿ, ಮೈನಸ್ 196 ಡಿಗ್ರಿಯಲ್ಲಿ, ಕೋಶ ವರ್ಷಗಟ್ಟಲೆ ಹಾಯಾಗಿ ಮಲಗಿರುತ್ತದೆ. ಅಪಾಯ ಇರುವುದು ಇಳಿಯುವ ದಾರಿಯಲ್ಲಿ, ಅಂದರೆ ಹೆಪ್ಪುಗಟ್ಟುವಾಗ, ಆಮೇಲೆ ಹತ್ತುವ ದಾರಿಯಲ್ಲಿ, ಅಂದರೆ ಕರಗುವಾಗ. ಈ ಮಾತನ್ನು ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ಕಥೆ. 1940ರ ದಶಕದ ಕೊನೆ, ಲಂಡನ್ನಿನ ಮಿಲ್ ಹಿಲ್. ಕ್ರಿಸ್ಟೋಫರ್ ಪೋಲ್ಜ್ ಮತ್ತು ಆಡ್ರೆ ಸ್ಮಿತ್ ಎಂಬ ವಿಜ್ಞಾನಿಗಳು ಹುಂಜದ ವೀರ್ಯಾಣುಗಳನ್ನು ಹೆಪ್ಪುಗಟ್ಟಿಸಿ ಬದುಕಿಸಲು ಹೆಣಗುತ್ತಿದ್ದರು. ನಂಬಿಕೊಂಡಿದ್ದು ಸಕ್ಕರೆಯನ್ನು, ಫ್ರಕ್ಟೋಸ್ ಅನ್ನು. ಏನೂ ಗಿಟ್ಟಲಿಲ್ಲ. ಸೀಸೆಗಳನ್ನು ತಣ್ಣಗೆ ಒಂದು ಕಡೆ ಇಟ್ಟು ಸುಮ್ಮನಾದರು. ತಿಂಗಳುಗಳಾದ ಮೇಲೆ ಅದೇ ಸೀಸೆ ತೆಗೆದು ಮತ್ತೆ ಮಾಡಿ ನೋಡಿದರೆ, ವೀರ್ಯಾಣುಗಳು ಈಜುತ್ತಿವೆ! ಖುಷಿಯಿಂದ ಹೊಸದಾಗಿ ಸಕ್ಕರೆ ನೀರು ಮಾಡಿದರು. ಎಲ್ಲ ಸತ್ತವು. ಮತ್ತೆ ಹಳೇ ಸೀಸೆ, ಮತ್ತೆ ಜೀವ. ತಳದಲ್ಲಿ ಉಳಿದ ಸ್ವಲ್ಪವನ್ನು ಪರೀಕ್ಷೆಗೆ ಕೊಟ್ಟರು. ಅದರಲ್ಲಿ ಸಕ್ಕರೆಯೇ ಇರಲಿಲ್ಲ! ಇದ್ದದ್ದು ಗ್ಲಿಸರಾಲ್, ಅಂದರೆ ಗ್ಲಿಸರಿನ್, ಮತ್ತು ಪ್ರೊಟೀನ್. ಗಾಜಿನ ಸ್ಲೈಡಿಗೆ ಅಂಗಾಂಶ ಅಂಟಿಸುವ ದ್ರಾವಣ ಅದು, ಲೇಬಲ್ ಅದಲುಬದಲಾಗಿತ್ತು. ಕಾಪಾಡಿದ್ದು ಗ್ಲಿಸರಾಲ್ ಅಂತ 1949ರಲ್ಲಿ ಲೋಕಕ್ಕೆ ತಿಳಿಯಿತು. ಲೇಬಲ್ ಸರಿಯಾಗಿ ಬರೀರಪ್ಪಾ ಅಂತ ವಿದ್ಯಾರ್ಥಿಗಳನ್ನು ದಿನಾ ಗದರುವ ನಾನು ಈ ಕಥೆ ಹೇಳಲೇಬಾರದು.

ಅಂತೂ ಸಕ್ಕರೆ ಅವತ್ತು ಸೋತಿತು. 1959ರಲ್ಲಿ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕ ಬಂತು, ಸೋಲು ಗಟ್ಟಿಯಾಯಿತು. ಇವತ್ತಿಗೂ ನಮ್ಮ ಕೈ ಹೋಗುವುದು ಶೇಕಡಾ 10ರ ಡಿಎಂಎಸ್‌ಒಗೇ. ಅದು ಕೋಶದೊಳಗೆ ನುಗ್ಗಿ ಮಂಜುಗಡ್ಡೆಯನ್ನು ತಡೆಯುತ್ತದೆ, ಸರಿ. ಆದರೆ ಬೆಚ್ಚಗಾದ ಕೂಡಲೇ ಅದೇ ವಿಷ. ತೊಳೆಯಲು ಹೋದರೆ ಕೋಶಗಳೂ ಒಂದಿಷ್ಟು ಕೈತಪ್ಪುತ್ತವೆ. ತೊಳೆಯದೆ ಸ್ಟೆಮ್ ಸೆಲ್, ಅಂದರೆ ಹೊಸ ರಕ್ತಕೋಶ ಹುಟ್ಟಿಸುವ ಮೂಲಕೋಶ, ಕೊಟ್ಟರೆ ರೋಗಿಗೆ ವಾಕರಿಕೆ, ಉಸಿರಲ್ಲಿ ಬೆಳ್ಳುಳ್ಳಿಯಂಥ ವಾಸನೆ. ಆ ವಾರ್ಡಿಗೆ ಕಾಲಿಟ್ಟವರಿಗೆ ಗೊತ್ತು.

ನನ್ನ ವಾದ ಇಷ್ಟೇ. ಒಳಗೆ ನುಗ್ಗುವವರನ್ನು ಕಡಿಮೆ ಮಾಡೋಣ, ಹೊರಗೆ ನಿಂತು ಕಾಯುವವರನ್ನು ಕರೆಯೋಣ. ಚಿಕ್ಕ ಸಕ್ಕರೆಗಳು ಸಾವಿರಾರು ಸೇರಿ ಉದ್ದದ ಸರಪಳಿಯಾದರೆ ಅದು ಕೋಶದ ಪೊರೆ ದಾಟುವುದಿಲ್ಲ. ಅದೇ ತೂಕಕ್ಕೆ ಅಣುಗಳ ಲೆಕ್ಕ ಕಡಿಮೆ, ಹಾಗಾಗಿ ಕೋಶದ ನೀರನ್ನು ಜಗ್ಗುವುದೂ ಕಡಿಮೆ. ಹೊರಗಿನ ನೀರನ್ನು ಮಂದ ಮಾಡುತ್ತದೆ. ಕೆಲವು ಸರಪಳಿಗಳು ಐಸ್ ಹರಳು ಬೆಳೆಯುವುದನ್ನೂ ತಡೆಯುತ್ತವೆ. ಧ್ರುವದ ಕಡಲಲ್ಲಿ ಸಿಗುವ ಕೋಲ್ವೆಲಿಯಾ ಎಂಬ ಬ್ಯಾಕ್ಟೀರಿಯಾ ಮೈಸುತ್ತ ಇಂಥದ್ದನ್ನೇ ಹೊದ್ದುಕೊಂಡಿರುತ್ತದೆ. ಎಂಟೆರೋಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಿಂದ ತೆಗೆದ ಫ್ಯೂಕೋಪಾಲ್ ಎಂಬ ಸರಪಳಿ ಕೂಡ ಇದೇ ಕುಲದ್ದು.

ಹತ್ತುವ ದಾರಿ ಅಂದೆನಲ್ಲ, ಅದನ್ನು ನೋಡಿ. 37 ಡಿಗ್ರಿ ನೀರಿನಲ್ಲಿ ಹೆಪ್ಪುಗಟ್ಟಿದ ಕೋಶಗಳ ವಯಲ್, ಅಂದರೆ ಪುಟ್ಟ ಸೀಸೆ, ಹಿಡಿದು ಮೆಲ್ಲಗೆ ಅಲುಗಾಡಿಸುತ್ತೀರಿ. ಅಂಚಿನಲ್ಲಿ ನೀರು, ನಡುವೆ ಬೆಳ್ಳಗೆ ಒಂದು ಚೂರು. ಆ ಚೂರು ಕರಗುವ ಮೊದಲೇ ಒಳಗೆ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತಿರುತ್ತವೆ. ಎಷ್ಟೋ ಕೋಶಗಳು ಸಾಯುವುದು ಅಲ್ಲೇ. ಅದಕ್ಕೇ ಬೇಗ ಕರಗಿಸಿ ಅನ್ನುವುದು. ಸಕ್ಕರೆ ಸರಪಳಿಯ ಕೆಲಸ ಇರುವುದೂ ಅಲ್ಲೇ.

ಪೂರ್ತಿ ಗೆದ್ದಿದ್ದೇವೆ ಅಂತ ಅಲ್ಲ. ಒಳಗಿನ ನೀರಿಗೆ ಹೊರಗಿನವರು ಏನು ಮಾಡಿಯಾರು? ಅದಕ್ಕೇ ಬೆರಕೆ. ಪಿಷ್ಟವನ್ನು ಸ್ವಲ್ಪ ಮಾರ್ಪಡಿಸಿದ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಸೇರಿಸಿ, ಡಿಎಂಎಸ್‌ಒವನ್ನು ಶೇಕಡಾ 5ಕ್ಕೆ ಇಳಿಸಿ ರಕ್ತದ ಸ್ಟೆಮ್ ಸೆಲ್‌ಗಳನ್ನು ಕಾಪಾಡುವ ರೂಢಿ ಆಗಲೇ ಇದೆ.

ಅಲ್ಲಿ ಚೀಟಿ ತೋರಿಸುತ್ತಿದ್ದಾರೆ, ಎರಡೇ ನಿಮಿಷ. ಟ್ರೆಹಲೋಸ್ ಎಂಬ ಚಿಕ್ಕ ಸಕ್ಕರೆಯ ಮಾತು ಬಿಟ್ಟೆ. ನೀರುಕರಡಿ (ಟಾರ್ಡಿಗ್ರೇಡ್) ಎಂಬ ಪುಟಾಣಿ ಜೀವಿಗಳನ್ನೂ ಬಿಟ್ಟೆ, ಚಿತ್ರ ಚೆನ್ನಾಗಿತ್ತು. ಒಂದು ಬ್ಯಾಚಿನ ಸರಪಳಿ ಇನ್ನೊಂದರಷ್ಟೇ ಉದ್ದ ಇರಲ್ಲ, ಅದೊಂದು ತಲೆನೋವು. ಬ್ಯಾಕ್ಟೀರಿಯಾದಿಂದ ತೆಗೆದದ್ದರಲ್ಲಿ ಎಂಡೊಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ವಿಷ, ಉಳಿಯದಂತೆ ಶುದ್ಧ ಮಾಡಬೇಕು. ಇನ್ನು ಮಂದ ದ್ರಾವಣವನ್ನು ಸಿರಿಂಜ್ ಫಿಲ್ಟರಿನಲ್ಲಿ ತಳ್ಳುವುದು. ಜೋರಾಗಿ ಒತ್ತಿ, ಫಿಲ್ಟರ್ ಕಳಚಿ, ಒಂದು ಸಂಜೆ ನನ್ನ ಕನ್ನಡಕವೆಲ್ಲ ಅಂಟು. ಈಗ ದ್ರಾವಣವನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳುತ್ತೇನೆ.

ಪ್ರಶ್ನೆಗಳಿದ್ದರೆ ಬನ್ನಿ, ಕಾರಿಡಾರಿನಲ್ಲಿ ಹೊರಗೇ ನಿಂತಿರುತ್ತೇನೆ.