ನಾ ಹೊಂಟೀನಿ, ನೀ ಬರ್ತಿಯೇನು?

ಎಲ್ಲರಿಗೂ ನಮಸ್ಕಾರ. ಸಿಂಧನೂರಿನ ಗದ್ದೆ ಬದುವಿನ ಮೇಲೆ, ಕುಷ್ಟಗಿಯ ಚಹಾದಂಗಡಿಯಲ್ಲಿ, ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೇಳ್ತಿರುವ ನಿಮಗೆ ಇವತ್ತು ಒಂದೇ ಮಾತು. ಮನುಷ್ಯ ಮನುಷ್ಯನನ್ನು ಕರೆದರೆ ಜನ ಗ್ರಾಮಸಭೆಗೆ ಬರ್ತಾರೆ. ಫೋನಿಗೆ ಬಂದ ಮೆಸೇಜ್ ನೋಡಿ ಬರಲ್ಲ.

2010ರಲ್ಲಿ ಅಮೆರಿಕದ ಚುನಾವಣೆ ದಿನ ಫೇಸ್‌ಬುಕ್‌ನಲ್ಲಿ ಸುಮಾರು 6 ಕೋಟಿ ಜನರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ 'ಇವತ್ತು ಮತದಾನ' ಅಂತಷ್ಟೇ ತೋರಿಸಿದರು. ಬಹಳ ಜನರಿಗೆ ಅದರ ಜೊತೆಗೆ, ಮತ ಹಾಕಿ ಬಂದೆ ಅಂತ ಹೇಳಿಕೊಂಡ ಗೆಳೆಯರ ಮುಖವನ್ನೂ ತೋರಿಸಿದರು. ಬರೀ ಸಂದೇಶ ಕೆಲಸ ಮಾಡಲಿಲ್ಲ. ಗೆಳೆಯರ ಮುಖ ಮಾಡಿತು. ಅದರಲ್ಲೂ ಆಪ್ತ ಗೆಳೆಯರದ್ದು.

ಕೊಪ್ಪಳ ಜಿಲ್ಲೆಯ ನಮ್ಮೂರಿನ ಕಥೆಯೂ ಅದೇ. ನಮ್ಮಲ್ಲಿ ಬೋರ್ ನೀರಲ್ಲಿ ಫ್ಲೋರೈಡ್, ಶುದ್ಧ ನೀರಿನ ಘಟಕ ಕೆಟ್ಟು ತಿಂಗಳುಗಟ್ಟಲೆ ಆಗಿತ್ತು, ಊರ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಆ ಪಕ್ಷ ಈ ಪಕ್ಷ ಅಂತ ಜಗಳ, ರಾತ್ರಿ ಹನ್ನೆರಡಾದರೂ ಮುಗಿಯದು. ಗ್ರಾಮಸಭೆ ದಿನ ನೋಡಿದರೆ ಕುರ್ಚಿಗಳೆಲ್ಲ ಖಾಲಿ! ನನಗೆ ಸಿಟ್ಟು ಬಂತು, ಈಗ ನೆನೆದರೂ ಬರುತ್ತೆ. ಮುಂದಿನ ಸಭೆಗೆ ಮೂರು ದಿನ ಇದ್ದಾಗ ಸ್ವಸಹಾಯ ಸಂಘದ ಒಬ್ಬ ಅಜ್ಜಿ ಹೊರಟಳು. ಅವಳ ಹತ್ತಿರ ದೊಡ್ಡ ಫೋನೂ ಇಲ್ಲ. ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು, ಒಂದೊಂದು ಮನೆ ಕಟ್ಟೆ ಮೇಲೆ ಕೂತು, ಮಜ್ಜಿಗೆ ಕೊಟ್ಟರೆ ಕುಡಿದು, ಒಂದೇ ಮಾತು ಕೇಳೋಳು: "ನಾ ಹೊಂಟೀನಿ, ನೀ ಬರ್ತಿಯೇನು?" ಪಕ್ಷದ ಮಾತು ಎತ್ತಿದವರಿಗೆ "ನೀರಿಗೆ ಪಕ್ಷ ಐತೇನು?" ಅನ್ನೋಳು. ಸಭೆ ದಿನ ಒಳಗೆ ಜಾಗ ಸಾಲದೆ ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ ಕೂತರು. ನೀರಿನ ಮಾತು ನಡಾವಳಿಯಲ್ಲಿ ಬರೆಯುವವರೆಗೂ ಒಬ್ಬರೂ ಏಳಲಿಲ್ಲ. ಮುಂದೆ ಘಟಕ ರಿಪೇರಿ ಆಯಿತು.

ಅಜ್ಜಿ ಕಥೆಗೇ ಸಮಯ ಹೋಯಿತು. ಉಳಿದದ್ದು ಬೇಗ ಹೇಳ್ತೇನೆ. ನಮ್ಮ ಪಂಚಾಯತ್ ರಾಜ್ ಕಾಯ್ದೆ 1993ರದು. ಅದರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು, ವಾರ್ಡ್ ಸಭೆ ಕೂಡ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಅಲ್ಲಿ ಕೂರುವ ಹಕ್ಕು ನಿಮ್ಮದು. ಗ್ರೂಪಿನಲ್ಲಿ ಜಗಳವಾಡೋ ಹುಡುಗರೇ, ನಿಮಗೂ ಇದೆ, ಅಲ್ವಾ? ಸಭೆಯ ನೋಟಿಸ್ ಫಾರ್ವರ್ಡ್ ಮಾಡಿ ಸುಮ್ನೆ ಕೂರಬೇಡಿ. ಪಕ್ಕದ ಮನೆಯವರನ್ನು, ಬೇರೆ ಪಕ್ಷದವರಾದರೂ ಸರಿ, ಬಾಗಿಲಿಗೆ ಹೋಗಿ ಕರೀರಿ. ನಮಸ್ಕಾರ.