ನಾಲ್ಕನೇ ವಾರ ಮತ್ತೆ ಕೇಳಿ

(ಕೆಲಸದಲ್ಲಿ ಕಂಡ ಘೋರ ಘಟನೆಗಳು ಮನಸ್ಸಿಗೆ ಮಾಡುವ ಗಾಯದ ಬಗ್ಗೆ, ದಾವಣಗೆರೆಯಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿ, ಅವರ ಮನೆಯವರ ಮುಂದೆ ಒಬ್ಬ ಮಾನಸಿಕ ಚಿಕಿತ್ಸಕಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ರಾತ್ರಿ ಪಾಳಿ ಮುಗಿಸಿ, ನಿದ್ದೆ ಬಿಟ್ಟು ಬಂದವರೂ ಇಲ್ಲಿದ್ದೀರಿ. ಮನೆಯವರನ್ನೂ ಕರೆದುಕೊಂಡು ಬನ್ನಿ ಅಂತ ನಾನೇ ಕೇಳಿಕೊಂಡಿದ್ದೆ. ಅದಕ್ಕೆ ಕಾರಣ ಇದೆ.

ಒಬ್ಬ ಅಗ್ನಿಶಾಮಕ ಸಿಬ್ಬಂದಿಯ ಅನುಭವ ಹೇಳುತ್ತೇನೆ. ಹೇಳಲು ಅವರೇ ಒಪ್ಪಿದ್ದಾರೆ. ಹೆಸರು ಬೇಡ, ಯಾವ ಘಟನೆ ಅನ್ನುವುದೂ ಬೇಡ. ಹೆದ್ದಾರಿಯಲ್ಲಿ ಹೊತ್ತಿ ಉರಿದ ವಾಹನದಿಂದ ದೇಹಗಳನ್ನು ಹೊರಗೆ ತೆಗೆದ ತಂಡದಲ್ಲಿ ಅವರಿದ್ದರು. ಮಾರನೇ ದಿನ ಡ್ಯೂಟಿಗೆ ಹೋದರು. ಸಾಹೇಬರು "ಹೇಗಿದ್ದೀಯಪ್ಪಾ?" ಅಂತ ಕೇಳಿದರು. "ಆರಾಮಿದ್ದೀನಿ ಸಾರ್" ಅಂದರು. ಅದು ಸುಳ್ಳೇನಲ್ಲ, ಅವತ್ತು ನಿಜವಾಗಿಯೂ ಆರಾಮಾಗಿದ್ದರು.

ಮೂರು ವಾರ ಕಳೆದ ಮೇಲೆ ಅವರ ಹೆಂಡತಿ ಒಂದು ವಿಷಯ ಗಮನಿಸಿದರು. ಮಂಡಕ್ಕಿ ಭಟ್ಟಿಗಳ ಕಡೆಯ ದಾರಿ ಬಿಟ್ಟು, ಊರೆಲ್ಲ ಸುತ್ತಿ ಮನೆಗೆ ಬರುತ್ತಿದ್ದಾರೆ. ಭಟ್ಟಿಯ ಹೊಗೆ ಮೂಗಿಗೆ ಬಡಿದರೆ ಸಾಕು, ಅಂಗೈ ಬೆವರಿ ಬೈಕಿನ ಹ್ಯಾಂಡಲ್ ಜಾರುತ್ತಿತ್ತಂತೆ. ಹುಟ್ಟಿದಾಗಿನಿಂದ ಆ ಹೊಗೆಯಲ್ಲೇ ಬೆಳೆದ ಮನುಷ್ಯ ಅವರು. ರಾತ್ರಿ ಕುಕ್ಕರ್ ಕೂಗಿದರೆ ಎದ್ದು ನಿಲ್ಲುತ್ತಿದ್ದರು. ಮಗ ಪಟಾಕಿ ಕೇಳಿದ್ದಕ್ಕೆ ಹೊಡೆದೇಬಿಟ್ಟರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.

ಹೆಂಡತಿ ನನ್ನ ಹತ್ತಿರ ಬಂದದ್ದು ಆಗ. ಅವರಿಗಿಂತ ಮೊದಲು ಅವರ ಹೆಂಡತಿ ಬಂದರು, ಗಮನಿಸಿ.

ಕಂಡದ್ದೇ ಮತ್ತೆ ಮತ್ತೆ ಕಣ್ಣಿಗೆ ಬರುವುದು, ಅದನ್ನು ನೆನಪಿಸುವ ಜಾಗ, ವಾಸನೆಗಳಿಂದ ದೂರ ಓಡುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಮನೆಯವರಿಂದಲೇ ದೂರವಾದ ಹಾಗೆ ಅನಿಸುವುದು. ಇಷ್ಟೆಲ್ಲ ಒಂದು ತಿಂಗಳಿಗಿಂತ ಜಾಸ್ತಿ ಉಳಿದು, ಸಂಸಾರಕ್ಕೂ ಕೆಲಸಕ್ಕೂ ತೊಂದರೆ ಕೊಟ್ಟರೆ ಅದು ಪಿಟಿಎಸ್‌ಡಿ, ಅಂದರೆ ಘೋರ ಘಟನೆಯ ಆಘಾತ ಮನಸ್ಸಿನಲ್ಲಿ ಉಳಿದು ಬರುವ ಕಾಯಿಲೆ, ಇರಬಹುದು. ಈ ಕಾಯಿಲೆ ಈ ಹೆಸರಿನಲ್ಲಿ ಅಮೆರಿಕದ ವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದಕ್ಕೂ ಮುಂಚೆ ಎಷ್ಟು ಜನರನ್ನು ಪುಕ್ಕಲ ಅಂತ ಬೈದು ಕೂರಿಸಿದರೋ.

ಘಟನೆ ನಡೆದ ಮೊದಲ ದಿನಗಳಲ್ಲಿ ಏನು ಮಾಡಬೇಕು? ಎಲ್ಲರನ್ನೂ ಸಾಲಾಗಿ ಕೂರಿಸಿ "ನೋಡಿದ್ದನ್ನೆಲ್ಲ ಹೇಳಿ" ಅನ್ನುವುದು ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಒಂದೇ ಸಲ ಹೀಗೆ ಕೂರಿಸಿ ಮಾತಾಡಿಸಿದರೆ ಪಿಟಿಎಸ್‌ಡಿ ತಡೆಯುವುದಿಲ್ಲ, ಕೆಲವರಿಗೆ ಕೆಟ್ಟದ್ದೇ ಆಗಬಹುದು ಅಂತ ಅಧ್ಯಯನಗಳು ತೋರಿಸಿವೆ. ಆಗ ಬೇಕಾದದ್ದು ನೀರು, ಬಿಸಿ ಊಟ, ಮನೆಗೊಂದು ಫೋನ್, ನಿದ್ದೆ, ಜೊತೆಗೊಬ್ಬ ಸಹೋದ್ಯೋಗಿ. ಮಾತಾಡಬೇಕು ಅನಿಸಿದವರು ಮಾತಾಡಲಿ, ಬೇಡ ಅನಿಸಿದವರನ್ನು ಸುಮ್ನೆ ಬಿಡಿ. ಬಹಳಷ್ಟು ಜನ ತಾವಾಗೇ ಸುಧಾರಿಸಿಕೊಳ್ಳುತ್ತಾರೆ.

ಆದರೆ ನಾಲ್ಕನೇ ವಾರ ಮತ್ತೆ ಕೇಳಿ. ಇಲ್ಲಿರುವ ಅಧಿಕಾರಿಗಳಿಗೆ ಕೈಮುಗಿದು ಹೇಳುತ್ತಿದ್ದೇನೆ. ಪೇಪರಿನಲ್ಲಿ ಸುದ್ದಿ ಮುಗಿದಿರುತ್ತದೆ, ಎಲ್ಲರೂ ಮುಂದಿನ ಬಂದೋಬಸ್ತ್‌ಗೆ ಹೋಗಿರುತ್ತಾರೆ. ಕೆಲವರಿಗೆ ಕಷ್ಟ ಶುರುವಾಗುವುದೇ ಆಗ. ರೋಲ್ ಕಾಲ್‌ನಲ್ಲಿ ಎಲ್ಲರ ಮುಂದೆ ಕೇಳಬೇಡಿ. ಚಹಾ ಕುಡಿಯುತ್ತಾ ಒಬ್ಬೊಬ್ಬರನ್ನೇ ಕೇಳಿ, "ನಿದ್ದೆ ಬರ್ತಿದೆಯೇನಪ್ಪಾ?" ಅಂತ.

ಪೊಲೀಸರದ್ದು ಇನ್ನೊಂದು ಥರ. ಒಂದೇ ದೊಡ್ಡ ಘಟನೆ ಇರಬೇಕಿಲ್ಲ, ವರ್ಷಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಚಿತ್ರದುರ್ಗ, ಹಿರಿಯೂರು ಕಡೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತ ಆದರೆ ಶವದ ಪಂಚನಾಮೆ, ಶವಾಗಾರದ ಮುಂದೆ ಕಾವಲು, ಕೊನೆಗೆ ಮನೆಯವರಿಗೆ ಫೋನ್ ಮಾಡಿ ತಿಳಿಸುವುದು. "ಆ ಕಡೆಯಿಂದ 'ಯಾರು?' ಅಂತ ಕೇಳ್ತಾರಲ್ಲ ಮೇಡಂ, ಆ ಒಂದು ಗಳಿಗೆ ಸಾಕು" ಅಂದಿದ್ದರು ಒಬ್ಬ ದಫೇದಾರರು. ಭದ್ರಾ ನಾಲೆಯಿಂದ ಮಗುವಿನ ದೇಹ ಎತ್ತಿ, ಮನೆಗೆ ಹೋಗಿ ತಮ್ಮ ಮಗುವನ್ನು ಎತ್ತಿಕೊಳ್ಳಲು ಆಗದವರೂ ಇದ್ದಾರೆ. "ಒಂದು ಕ್ವಾರ್ಟರ್ ಹಾಕಿ ಮಲಗು" ಅನ್ನುವುದು ಠಾಣೆಯ ಹಳೇ ಔಷಧಿ, ಅಲ್ವಾ? ಅದರಿಂದ ನಿದ್ದೆ ಕೆಡುತ್ತದೆ, ಕಾಯಿಲೆ ಬೇರೂರುತ್ತದೆ.

ಪಿಟಿಎಸ್‌ಡಿಗೆ ಒಳ್ಳೆಯ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ, ಕೆಲವರಿಗೆ ಜಾಸ್ತಿ, ಕೆಲವರಿಗೆ ಮಾತ್ರೆಯೂ ಬೇಕು. ನಾನು ಮೊದಲು ಹೇಳಿದ ಅಗ್ನಿಶಾಮಕ ಸಿಬ್ಬಂದಿ ಮೊದಲ ವಾರ ಭಟ್ಟಿ ಬೀದಿಯ ತುದಿಯಲ್ಲಿ ಹೆಂಡತಿಯ ಜೊತೆ ನಿಂತರು, ಎದೆಬಡಿತ ಇಳಿಯುವ ತನಕ. ಮುಂದಿನ ವಾರ ನಾಲ್ಕು ಹೆಜ್ಜೆ ಒಳಗೆ. ಏಳನೇ ಭೇಟಿಗೆ ಬರುವಾಗ ಒಂದು ಚೀಲ ಬಿಸಿ ಮಂಡಕ್ಕಿ ತಂದಿದ್ದರು, ತಾವೇ ಭಟ್ಟಿಗೆ ಹೋಗಿ ಕೊಂಡದ್ದು.

ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಯಾವ ವಾರಕ್ಕೂ ಕಾಯಬೇಡಿ. ಆಯುಧ ಕೈಯಲ್ಲಿದ್ದರೆ ಅವತ್ತೇ ಒಪ್ಪಿಸಿ, ಒಬ್ಬರೇ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಏಪ್ರಿಲ್ 14ರಂದು, 1944ರ ಬಾಂಬೆ ಡಾಕ್ ಸ್ಫೋಟದಲ್ಲಿ ಜೀವ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯನ್ನು ನೆನೆಯುತ್ತೇವೆ. ಅಕ್ಟೋಬರ್ 21ಕ್ಕೆ ಪೊಲೀಸ್ ಹುತಾತ್ಮರನ್ನು. ಅಂಥ ಜಾಗದಿಂದ ಬದುಕಿ ಬಂದವರನ್ನೂ ಆ ದಿನ ಒಮ್ಮೆ ವಿಚಾರಿಸಿದರೆ ನನಗೆ ಸಮಾಧಾನ.

"ಚಿಕಿತ್ಸೆ ತಗೊಂಡರೆ ಸರ್ವಿಸ್ ರಿಜಿಸ್ಟರಿನಲ್ಲಿ ಬರೆಯುತ್ತಾರಾ?" ಅಂತ ಬಹಳ ಜನ ಕೇಳುತ್ತೀರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಚಿಕಿತ್ಸೆಯ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಇದ್ದಾಗ ಮತ್ತು ಕಾನೂನು ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಸಲಹೆಗಾರರು ನಿಮ್ಮ ಮೇಲಧಿಕಾರಿಗೆ ವರದಿ ಒಪ್ಪಿಸುವವರಾಗಿರಬಾರದು ಅಂತ ನಾನು ಹಟ ಹಿಡಿಯುವುದೂ ಇದಕ್ಕೇ.

ಸಂಜೆ ಆರರವರೆಗೆ ನಾನು ವೇದಿಕೆಯ ಹಿಂದಿನ ಕೋಣೆಯಲ್ಲಿ ಇರುತ್ತೇನೆ. ಬಾಗಿಲ ಹತ್ತಿರ ಹೆಸರು ಬರೆಸುವ ಪುಸ್ತಕ ಇಟ್ಟಿಲ್ಲ.